ಒಂದೇ ಆ್ಯಪ್, ಮೂರು ಊರು: ಸೈಟಿಗೆ ತಕ್ಕ ಸೆಟ್ಟಿಂಗ್ ಇಡುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಶಾಖೆ ಇರುವ ಒಂದು ಶಿಕ್ಷಣ ಸಂಸ್ಥೆ ಇದೆ ಎಂದುಕೊಳ್ಳಿ. ಪ್ರವೇಶ ಅರ್ಜಿ, ಶುಲ್ಕ, ರಸೀದಿ, ನೋಟಿಸು, ಎಸ್‌ಎಂಎಸ್ ಎಲ್ಲಕ್ಕೂ ಒಂದೇ ವೆಬ್ ಅಪ್ಲಿಕೇಶನ್. ಕೋಡ್ ಒಂದು, ಡೇಟಾಬೇಸ್ ಒಂದು, ಊರಿಗೊಂದು ವೆಬ್ ವಿಳಾಸ, ಅಂದರೆ ಊರಿಗೊಂದು ಸೈಟ್. ಇದು ಒಳ್ಳೆಯ ಏರ್ಪಾಟು. ದೋಷ ತಿದ್ದಿದರೆ ಮೂರೂ ಕಡೆ ಒಮ್ಮೆಗೇ ತಿದ್ದಿದಂತಾಗುತ್ತದೆ. ಆದರೆ ಬೀದರ್‌ನಲ್ಲಿ ಕೊಟ್ಟ ರಸೀದಿಯ ಮೇಲೆ ಕಲಬುರಗಿಯ ಫೋನ್ ನಂಬರ್ ಅಚ್ಚಾಗಿ ಬಂದರೆ ಪಾಲಕರು ಯಾರಿಗೆ ಫೋನ್ ಮಾಡಬೇಕು? ಅಂಥ ತಪ್ಪು ಹೇಗೆ ಹುಟ್ಟುತ್ತದೆ, ಹುಟ್ಟದಂತೆ ಹೇಗೆ ಕಟ್ಟಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಕಟ್ಟುವ ನಿಯಮ ಒಂದೇ. ಮೂರೂ ಊರಿಗೆ ಸಮಾನವಾದದ್ದನ್ನು ಒಂದೇ ಜಾಗದಲ್ಲಿ ಬರೆಯಿರಿ, ಸೈಟಿನ ಹೆಸರಿನಲ್ಲಿ ಬೇರೆಯಾದದ್ದನ್ನು ಮಾತ್ರ ಬರೆಯಿರಿ. ಹೊಸ ಶಾಖೆ ಬಂದಾಗ ಹಳೆಯದರ ಸೆಟ್ಟಿಂಗ್‌ಗಳನ್ನು ಪೂರ್ತಿ ನಕಲು ಮಾಡುವ ಅಭ್ಯಾಸವೇ ಮುಂದಿನ ತೊಂದರೆಗಳ ಬೇರು. ನಕಲಾದ ಎಂಬತ್ತು ಸಾಲುಗಳಲ್ಲಿ ಯಾವುದು ಬೇಕೆಂದೇ ಬೇರೆ ಇಟ್ಟದ್ದು, ಯಾವುದು ಸುಮ್ಮನೆ ಉಳಿದುಕೊಂಡದ್ದು ಎಂಬುದು ಆರು ತಿಂಗಳ ನಂತರ ಯಾರಿಗೂ ತಿಳಿಯುವುದಿಲ್ಲ.

ಮೊದಲು ಪಟ್ಟಿ ಮಾಡಿ

ಕೋಡ್ ಮುಟ್ಟುವ ಮುಂಚೆ ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಆ್ಯಪ್‌ನಲ್ಲಿ ಬದಲಾಗಬಹುದಾದ ಪ್ರತಿಯೊಂದನ್ನೂ ಒಂದೊಂದು ಸಾಲಿಗೆ ಬರೆಯಿರಿ. ಎದುರಿಗೆ ಎರಡೇ ಪ್ರಶ್ನೆ: ಇದು ಊರಿಂದ ಊರಿಗೆ ಬೇರೆಯಾಗುತ್ತದೆಯೇ, ಇದನ್ನು ಬದಲಿಸುವವರು ಯಾರು?

ಡೇಟಾಬೇಸಿನ ವಿಳಾಸ ಊರಿಂದ ಊರಿಗೆ ಬೇರೆಯಲ್ಲ, ಅದನ್ನು ಮುಟ್ಟುವವರು ಸರ್ವರ್ ನೋಡಿಕೊಳ್ಳುವವರು ಮಾತ್ರ. ಅದು ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಕೋಡ್‌ನ ಹೊರಗೆ ಸರ್ವರ್‌ನಲ್ಲೇ ಇಡುವ ಮೌಲ್ಯಗಳಲ್ಲಿ, ಇರಲಿ. ಸಮಯವಲಯ ಏಷ್ಯಾ/ಕೋಲ್ಕತಾ. ಮೂರೂ ಊರಿಗೆ ಅದೇ ಆಗಿರುವಾಗ ಸೈಟ್‌ವಾರು ಸೆಟ್ಟಿಂಗ್ ಮಾಡಬೇಡಿ. ಬೇಡದ ಆಯ್ಕೆ ಕೊಟ್ಟರೆ ಯಾರೋ ಒಂದು ದಿನ ಅದನ್ನು ಬದಲಿಸಿಯೇ ಬದಲಿಸುತ್ತಾರೆ. ಶಾಖೆಯ ಫೋನ್, ವಿಳಾಸ, ಪಿನ್‌ಕೋಡ್, ರಸೀದಿಯ ಮುನ್ನಕ್ಷರ, ಅರ್ಜಿಯ ಕೊನೆಯ ದಿನ, ತಡಶುಲ್ಕ, ಪುಟದ ಭಾಷೆಗಳು ನಿಜವಾಗಿ ಸೈಟಿನವು. ಅಕ್ಷರದ ಗಾತ್ರ ಹೆಚ್ಚಿಸಿಕೊಳ್ಳುವಂಥದ್ದು ಬಳಕೆದಾರನ ಆಯ್ಕೆ, ಅದನ್ನು ಸೈಟಿನ ಪಟ್ಟಿಗೆ ಬೆರೆಸಬಾರದು.

ಲೆಕ್ಕ ಹಾಕಿ ಪಡೆಯಬಹುದಾದದ್ದನ್ನೂ ಸೆಟ್ಟಿಂಗ್ ಆಗಿ ಇಡಬೇಡಿ. ಬೀದರ್ ಸೈಟಿನಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ ಬೇಕಾಗುತ್ತದೆ; ಗುರುಮಠಕಲ್ ಕಡೆಯ ಮಕ್ಕಳಿಗಾಗಿ ಯಾದಗಿರಿಯಲ್ಲಿ ತೆಲುಗು ಕೇಳಬಹುದು. ಉರ್ದು ಬಲದಿಂದ ಎಡಕ್ಕೆ ಓಡುವ ಬರಹ. ‘ಪುಟದ ದಿಕ್ಕು’ ಎಂದು ಬೇರೆ ಸೆಟ್ಟಿಂಗ್ ಇಟ್ಟರೆ ಭಾಷೆ ಉರ್ದು, ದಿಕ್ಕು ಎಡದಿಂದ ಬಲ ಎಂಬ ಅಸಂಗತ ಜೋಡಿ ಸಾಧ್ಯವಾಗುತ್ತದೆ. ಭಾಷೆಯಿಂದಲೇ ದಿಕ್ಕನ್ನು ಕೋಡ್ ತೀರ್ಮಾನಿಸಲಿ.

ಯಾವ ಸೈಟ್ ಎಂದು ಊಹಿಸಬಾರದು

ಬಂದ ಕೋರಿಕೆ ಯಾವ ಊರಿನದು ಎಂದು ತಿಳಿಯುವುದು ಬ್ರೌಸರ್ ಕಳಿಸುವ ಹೋಸ್ಟ್ ಹೆಡರ್‌ನಿಂದ, ಅಂದರೆ ಕೋರಿಕೆಯ ಜೊತೆ ಬರುವ ಡೊಮೇನ್ ಹೆಸರಿನಿಂದ. ಸೈಟುಗಳ ಟೇಬಲ್‌ನಲ್ಲಿ ಪ್ರತಿ ಡೊಮೇನಿಗೆ ಒಂದೇ ಸಾಲು ಇರಲಿ, ಆ ಕಾಲಂ ಯೂನಿಕ್ (ಒಂದೇ ಹೆಸರು ಎರಡು ಸಾಲಿನಲ್ಲಿ ಬಾರದಂತೆ) ಆಗಿರಲಿ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ 404 (‘ಪುಟ ಸಿಗಲಿಲ್ಲ’) ಕೊಟ್ಟು ನಿಲ್ಲಿಸಿ. ‘ಸಿಗದಿದ್ದರೆ ಮೊದಲನೇ ಸೈಟ್ ತೋರಿಸು’ ಎಂದು ಬರೆದ ಒಂದು ಸಾಲು ಬಹಳ ಅನಾಹುತ ಮಾಡುತ್ತದೆ. ಮೊದಲನೇ ಸೈಟ್ ಸಾಮಾನ್ಯವಾಗಿ ಕಲಬುರಗಿಯೇ ಆಗಿರುತ್ತದೆ. ತಪ್ಪು ಕಾಣುವುದು ಮಾತ್ರ ಬೀದರ್, ಯಾದಗಿರಿಯವರಿಗೆ. ಕಲಬುರಗಿಯಲ್ಲಿ ಕೂತು ಪರೀಕ್ಷಿಸುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಕೋರಿಕೆಗಳನ್ನು ಮೊದಲು ಪಡೆದು ಆ್ಯಪ್‌ಗೆ ದಾಟಿಸುವ ಎನ್‌ಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರನ್ನು ಮುಂದಿಟ್ಟಿದ್ದರೆ ಎರಡು ಕಡೆ ಎಚ್ಚರ. ಒಂದು, ಅದು ಹಿಂದಿನ ಆ್ಯಪ್‌ಗೆ ಕೋರಿಕೆ ದಾಟಿಸುವಾಗ ತಾನಾಗಿಯೇ ಮೂಲ ಹೋಸ್ಟ್ ಹೆಸರನ್ನು ಕಳಿಸುವುದಿಲ್ಲ. ಪ್ರಾಕ್ಸಿ ಸಾಲಿನಲ್ಲಿ ಬರೆದ ಒಳಗಿನ ಹೆಸರನ್ನೇ ಕಳಿಸುತ್ತದೆ. ಹೋಸ್ಟ್ ಹೆಡರನ್ನು ಹಾಗೇ ದಾಟಿಸು ಎಂದು ಬರೆಯದಿದ್ದರೆ ಮೂರೂ ಊರು ಆ್ಯಪ್‌ನ ಕಣ್ಣಿಗೆ ಒಂದೇ. ಇನ್ನೊಂದು, ಡಿಫಾಲ್ಟ್ ಸರ್ವರ್ ಯಾವುದೆಂದು ನೀವು ಹೇಳದಿದ್ದರೆ ಆ ಪೋರ್ಟಿನ ಮೊದಲ ಸರ್ವರ್ ಬ್ಲಾಕೇ ಗುರುತಿಲ್ಲದ ಹೆಸರುಗಳನ್ನೆಲ್ಲ ಎತ್ತಿಕೊಳ್ಳುತ್ತದೆ. ಆದ್ದರಿಂದ ಏನನ್ನೂ ತೋರಿಸದ ಒಂದು ಡಿಫಾಲ್ಟ್ ಬ್ಲಾಕನ್ನು ಬೇಕೆಂದೇ ಬರೆದಿಡಿ.

ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ ಬಳಸುವವರು ಗಮನಿಸಿ: ಅದರ ಸೈಟ್ಸ್ ಚೌಕಟ್ಟಿನಲ್ಲಿ ಸೈಟ್ ಐಡಿ ಎಂಬ ಸ್ಥಿರ ಸೆಟ್ಟಿಂಗ್ ಇಟ್ಟರೆ ಹೋಸ್ಟ್ ಹೆಸರನ್ನು ಅದು ನೋಡುವುದೇ ಇಲ್ಲ. ಒಂದೇ ಪ್ರಾಸೆಸ್ (ಸರ್ವರ್‌ನಲ್ಲಿ ಓಡುತ್ತಿರುವ ಆ್ಯಪ್‌ನ ಒಂದು ಪ್ರತಿ) ಮೂರೂ ಊರಿಗೆ ಉತ್ತರಿಸಬೇಕಾದರೆ ಆ ಸಾಲನ್ನು ತೆಗೆದುಹಾಕಬೇಕು.

ರಾತ್ರಿ ಓಡುವ ಕೆಲಸಗಳಿಗೆ ಹೋಸ್ಟ್ ಹೆಡರೇ ಇರುವುದಿಲ್ಲ. ಬಾಕಿ ಶುಲ್ಕದ ಎಸ್‌ಎಂಎಸ್ ಕಳಿಸುವ ಕೆಲಸವನ್ನು ಸರತಿಗೆ ಹಾಕುವಾಗಲೇ ಸೈಟಿನ ಸಂಖ್ಯೆಯನ್ನು ಅದರೊಳಗೆ ಸೇರಿಸಿ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಓಡುವ ಆದೇಶಗಳಿಗೂ ಸೈಟ್ ಸಂಖ್ಯೆ ಕಡ್ಡಾಯವಾಗಿರಲಿ, ಕೊಡದಿದ್ದರೆ ಓಡಲೇಬಾರದು.

ಊರಿನ ಹೆಸರು ಗುರುತಲ್ಲ

ಸೈಟಿನ ಗುರುತು ಒಂದು ಸಂಖ್ಯೆಯಾಗಿರಲಿ: 1, 2, 3. ಹೆಸರು ಬದಲಾಗುವ ವಸ್ತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ‘ಗುಲ್ಬರ್ಗಾ’ ಎಂಬುದನ್ನೇ ಕೀ (ಗುರುತಿನ ಹೆಸರು) ಮಾಡಿಕೊಂಡು ಫೋಲ್ಡರ್, ಫೈಲ್, ರಸೀದಿ ಸಂಖ್ಯೆ ಎಲ್ಲದಕ್ಕೂ ಅಂಟಿಸಿದ್ದ ವ್ಯವಸ್ಥೆಯಲ್ಲಿ ಅಂಥ ಒಂದು ಬದಲಾವಣೆ ಎಷ್ಟು ಕಡೆ ಕೈಹಾಕಿಸುತ್ತದೆ ಎಂದು ಯೋಚಿಸಿ. ಯಾದಗಿರಿಯನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆಯುತ್ತಾರೆ, ಅದೂ ಗೊಂದಲಕ್ಕೆ ದಾರಿ. ಸಂಖ್ಯೆ ಗುರುತಾಗಿದ್ದರೆ ಹೆಸರು ಇನ್ನೊಂದು ಸೆಟ್ಟಿಂಗ್ ಅಷ್ಟೇ, ಭಾಷೆಗೊಂದರಂತೆ ಇಟ್ಟುಕೊಳ್ಳಬಹುದು.

ಇಲ್ಲಿಯೇ ಇನ್ನೊಂದು ಮಾತು. ರಸೀದಿ, ಪ್ರಮಾಣಪತ್ರದಂಥ ಕಾಗದಗಳ ಮೇಲೆ ಬರುವ ಸೆಟ್ಟಿಂಗ್‌ಗಳನ್ನು ಆ ಕಾಗದ ಹುಟ್ಟಿದ ಕ್ಷಣದಲ್ಲೇ ಅದರ ದಾಖಲೆಗೆ ನಕಲು ಮಾಡಿಡಿ. ಇಲ್ಲವಾದರೆ ಇಂದು ವಿಳಾಸ ಬದಲಿಸಿದರೆ ಮೂರು ವರ್ಷ ಹಿಂದಿನ ರಸೀದಿಯ ಮರುಮುದ್ರಣವೂ ಹೊಸ ವಿಳಾಸ ತೋರಿಸುತ್ತದೆ. ಲೆಕ್ಕಪರಿಶೋಧಕರ ಕೈಯಲ್ಲಿರುವ ಪ್ರತಿಗೂ ಕಂಪ್ಯೂಟರಿನ ಪ್ರತಿಗೂ ತಾಳೆಯಾಗುವುದಿಲ್ಲ.

ಟೇಬಲ್ ಕಟ್ಟುವುದು

ಸೆಟ್ಟಿಂಗಿನ ವ್ಯಾಖ್ಯೆ ಕೋಡ್‌ನಲ್ಲಿ ಇರಲಿ: ಕೀ, ಬಗೆ, ಮೂಲ ಮೌಲ್ಯ, ಒಪ್ಪುವ ಮಿತಿ, ಯಾರು ಬದಲಿಸಬಹುದು. ಮೌಲ್ಯಗಳು ಡೇಟಾಬೇಸ್‌ನಲ್ಲಿ ಇರಲಿ. ಸೈಟ್ ಮೌಲ್ಯದ ಟೇಬಲ್‌ಗೆ ಈ ಕಾಲಂಗಳು ಸಾಕು: ಸೈಟ್ ಸಂಖ್ಯೆ, ಕೀ, ಮೌಲ್ಯ, ಯಾವಾಗಿನಿಂದ, ಯಾವಾಗಿನವರೆಗೆ, ಬದಲಿಸಿದವರು, ಬದಲಿಸಿದ ಹೊತ್ತು, ಕಾರಣ. ಓದುವ ಕ್ರಮ: ಸೈಟಿನ ಮೌಲ್ಯ ಇದ್ದರೆ ಅದು, ಇಲ್ಲದಿದ್ದರೆ ಸಾಮಾನ್ಯ ಮೌಲ್ಯ, ಅದೂ ಇಲ್ಲದಿದ್ದರೆ ಕೋಡ್‌ನ ಮೂಲ ಮೌಲ್ಯ. ಮೂರೇ ಮೆಟ್ಟಿಲು.

ಸಾಮಾನ್ಯ ಮೌಲ್ಯಗಳಿಗೆ ಬೇರೆ ಟೇಬಲ್ ಮಾಡಿ. ಒಂದೇ ಟೇಬಲ್‌ನಲ್ಲಿ ಸೈಟ್ ಸಂಖ್ಯೆಯನ್ನು ನಲ್ (ಮೌಲ್ಯವೇ ಇಲ್ಲ) ಎಂದು ಬಿಟ್ಟು ‘ಇದು ಎಲ್ಲರಿಗೂ’ ಎಂದುಕೊಳ್ಳುವುದು ಚಂದ ಕಾಣುತ್ತದೆ. ಆದರೆ ಡೇಟಾಬೇಸ್ ತಂತ್ರಾಂಶಗಳಾದ ಪೋಸ್ಟ್‌ಗ್ರೆಸ್ ಆಗಲಿ ಮೈಎಸ್‌ಕ್ಯೂಎಲ್ ಆಗಲಿ ಎರಡು ನಲ್‌ಗಳನ್ನು ಸಮ ಎಂದು ಎಣಿಸುವುದಿಲ್ಲ. ಹೀಗಾಗಿ ಯೂನಿಕ್ ನಿಯಮ ಹಾಕಿದ್ದರೂ ಒಂದೇ ಕೀಗೆ ಎರಡು ಸಾಮಾನ್ಯ ಸಾಲು ನುಸುಳಿಬಿಡುತ್ತವೆ, ಯಾವುದು ಸಿಗುತ್ತದೆ ಎನ್ನುವುದು ಆ ಹೊತ್ತಿನ ಅದೃಷ್ಟ. ಪೋಸ್ಟ್‌ಗ್ರೆಸ್ 15ರಿಂದ ನಲ್‌ಗಳನ್ನೂ ಸಮವಾಗಿ ಕಾಣು ಎಂದು ಹೇಳುವ ಅವಕಾಶವಿದೆ. ಆದರೂ ಬೇರೆ ಟೇಬಲ್ ಓದಲು ಸುಲಭ.

ಬಗೆಯ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಎಸ್‌ಟಿಡಿ ಕೋಡ್ ಕಲಬುರಗಿಗೆ 08472, ಬೀದರ್‌ಗೆ 08482, ಯಾದಗಿರಿಗೆ 08473. ಇದನ್ನು ಸಂಖ್ಯೆಯಾಗಿ ಇಟ್ಟರೆ ಮೊದಲ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್‌ನಿಂದ ಸೆಟ್ಟಿಂಗ್ ಏರಿಸಿದಾಗಲೂ ಹೀಗೇ ಆಗುತ್ತದೆ. ಪಠ್ಯವಾಗಿಯೇ ಇಡಿ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ: ₹250 ಎಂದರೆ 25000.

ಈಗ ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪಿಗೆ ಬರೋಣ. ಯಾದಗಿರಿ ಶಾಖೆ ಈ ವರ್ಷ ತಡಶುಲ್ಕ ಬೇಡ ಎಂದು ತೀರ್ಮಾನಿಸಿ 0 ಹಾಕುತ್ತದೆ. ಮರುದಿನ ರಸೀದಿಯಲ್ಲಿ ಸಾಮಾನ್ಯ ಮೌಲ್ಯದ ₹100 ಬಂದಿರುತ್ತದೆ. ಕಾರಣ, ಕೋಡ್‌ನಲ್ಲಿ ‘ಸೈಟಿನ ಮೌಲ್ಯ ಅಥವಾ ಸಾಮಾನ್ಯ ಮೌಲ್ಯ’ ಎಂದು ಬರೆದಿರುತ್ತಾರೆ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ 0, ಖಾಲಿ ಪಠ್ಯ, ‘ಸುಳ್ಳು’ ಎಂಬ ಬೂಲಿಯನ್ (ನಿಜ/ಸುಳ್ಳು) ಮೌಲ್ಯ ಮೂರೂ ‘ಇಲ್ಲ’ ಎಂದೇ ಲೆಕ್ಕ, ‘ಅಥವಾ’ ಮುಂದಿನದಕ್ಕೆ ಜಿಗಿಯುತ್ತದೆ. ಕೇಳಬೇಕಾದ ಪ್ರಶ್ನೆ ‘ಮೌಲ್ಯ ಏನು’ ಅಲ್ಲ, ‘ಸಾಲು ಇದೆಯೇ’. ಸಾಲು ಇದ್ದರೆ ಅದರಲ್ಲಿರುವುದು 0 ಆದರೂ ಅದೇ ಮಾತು. ಸಾಲು ಇಲ್ಲ ಎಂದರೆ ಮಾತ್ರ ಸಾಮಾನ್ಯದ್ದು. ಇದಕ್ಕೆ ತಕ್ಕಂತೆ ಅಡ್ಮಿನ್ ಪುಟದಲ್ಲಿ ‘ಸಾಮಾನ್ಯ ಮೌಲ್ಯಕ್ಕೆ ಮರಳಿಸು’ ಎಂಬ ಬೇರೆಯದೇ ಗುಂಡಿ ಬೇಕು. ಬಾಕ್ಸ್ ಖಾಲಿ ಮಾಡುವುದೂ ಸಾಲು ಅಳಿಸುವುದೂ ಒಂದೇ ಅಲ್ಲ.

ಪಟ್ಟಿ ರೂಪದ ಸೆಟ್ಟಿಂಗ್‌ಗೆ ಇನ್ನೊಂದು ತೀರ್ಮಾನ ಬೇಕು: ಸೈಟಿನ ಪಟ್ಟಿ ಸಾಮಾನ್ಯ ಪಟ್ಟಿಯ ಜಾಗಕ್ಕೆ ಬರುತ್ತದೆಯೋ, ಅದಕ್ಕೆ ಸೇರುತ್ತದೆಯೋ? ರಜಾದಿನಗಳನ್ನೇ ನೋಡಿ. ಯಾದಗಿರಿ ಶಾಖೆ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಗೆ, ಕಲಬುರಗಿ ಶಾಖೆ ಶರಣಬಸವೇಶ್ವರ ಜಾತ್ರೆಗೆ ಸ್ಥಳೀಯ ರಜೆ ಸೇರಿಸುತ್ತದೆ ಎಂದುಕೊಳ್ಳಿ. ಸೈಟಿನ ಪಟ್ಟಿ ಸಾಮಾನ್ಯದ ಜಾಗ ಹಿಡಿದರೆ ಜಾತ್ರೆಯ ಒಂದು ದಿನ ಸೇರಿಸಿದ ಕ್ಷಣ ನವೆಂಬರ್ 1ರ ರಾಜ್ಯೋತ್ಸವವೂ ಆ ಸೈಟಿನಿಂದ ಮಾಯ. ರಜೆಗೆ ‘ಸೇರು’ ಎಂಬ ನಿಯಮ, ಭಾಷೆಗಳಿಗೆ ‘ಜಾಗ ಹಿಡಿ’ ಎಂಬ ನಿಯಮ. ಇದನ್ನು ಪ್ರತಿ ಕೀಯ ವ್ಯಾಖ್ಯೆಯಲ್ಲೇ ಬರೆದಿಡಿ.

ದಿನಾಂಕ ಹೊತ್ತ ಸೆಟ್ಟಿಂಗ್: ಬೇಸಿಗೆ ವೇಳೆ

ನಮ್ಮ ಭಾಗದ ಬಿಸಿಲಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಅದನ್ನೇ ಅನುಸರಿಸುವ ಸಂಸ್ಥೆಯ ಕೌಂಟರ್ ವೇಳೆಯನ್ನು ಏಪ್ರಿಲ್ 1ರಂದು ಕೈಯಿಂದ ಬದಲಿಸಲು ಎಲ್ಲರಿಗೂ ನೆನಪಿರುತ್ತದೆ. ಜೂನ್ 1ರಂದು ಹಿಂದಕ್ಕೆ ತರಲು ಯಾರಿಗೂ ನೆನಪಿರುವುದಿಲ್ಲ. ಜೂನ್ ಪ್ರವೇಶದ ತಿಂಗಳು. ಕೌಂಟರ್ 1.30ಕ್ಕೇ ಮುಚ್ಚುತ್ತದೆ ಎಂದು ಸೈಟ್ ಹೇಳಿದರೆ ಶಹಾಪುರ, ಸುರಪುರದಿಂದ ಬಸ್ಸಿನಲ್ಲಿ ಬರುವವರು ಆ ದಿನದ ಪ್ರಯಾಣವನ್ನೇ ಕೈಬಿಡುತ್ತಾರೆ.

ಆದ್ದರಿಂದ ಹಳೆಯ ಮೌಲ್ಯದ ಮೇಲೆ ಬರೆಯಬೇಡಿ. ಏಪ್ರಿಲ್ 1ರಿಂದ ಜೂನ್ 1ರವರೆಗೆ, ಜೂನ್ 1 ಬಿಟ್ಟು, ಎಂದು ಅವಧಿ ಹೊತ್ತ ಹೊಸ ಸಾಲು ಸೇರಿಸಿ. ಕೊನೆಯ ದಿನವನ್ನು ಹೊರಗಿಡುವ ಈ ಪದ್ಧತಿಯಲ್ಲಿ ಎರಡು ಅವಧಿಗಳ ನಡುವೆ ಬಿರುಕೂ ಇರುವುದಿಲ್ಲ, ಒಂದರ ಮೇಲೊಂದು ಬೀಳುವುದೂ ಇರುವುದಿಲ್ಲ. ಈ ವೇಳೆಯ ಸರ್ಕಾರಿ ಆದೇಶ ವರ್ಷವರ್ಷವೂ ಹೊರಡುವಂಥದ್ದು, ಹಾಗಾಗಿ ಪ್ರತಿವರ್ಷ ತಾನಾಗಿ ಮರುಕಳಿಸುವಂತೆ ಮಾಡದೆ ಆದೇಶ ಬಂದ ಮೇಲೆ ಸಾಲು ಸೇರಿಸಿ, ಆದೇಶದ ಸಂಖ್ಯೆಯನ್ನು ‘ಕಾರಣ’ ಕಾಲಂನಲ್ಲಿ ಬರೆಯಿರಿ.

ಈ ವೇಳೆ ಮೂರೂ ಜಿಲ್ಲೆಗೆ ಸಮಾನ, ಹಾಗಾಗಿ ಸಾಮಾನ್ಯ ಮೌಲ್ಯದಲ್ಲೇ ಒಂದು ಸಾಲು ಸಾಕು. ಮುಂದೆ ಬೆಂಗಳೂರಿನಲ್ಲೂ ಒಂದು ಶಾಖೆ ಇದೇ ಆ್ಯಪ್‌ಗೆ ಸೇರಿದರೆ ಆಗ ‘ಕಲಬುರಗಿ ವಿಭಾಗ’ ಎಂಬ ಗುಂಪಿನ ಮೆಟ್ಟಿಲು ನಡುವೆ ಬೇಕಾಗುತ್ತದೆ. ಅಲ್ಲಿಯವರೆಗೆ ಅದನ್ನು ಕಟ್ಟದಿರುವುದೇ ಒಳ್ಳೆಯದು. ಮೆಟ್ಟಿಲು ಹೆಚ್ಚಿದಷ್ಟೂ ‘ಈ ಮೌಲ್ಯ ಎಲ್ಲಿಂದ ಬಂತು’ ಎಂದು ಹುಡುಕುವ ಶ್ರಮ ಹೆಚ್ಚು.

ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಭಾರತೀಯ ವೇಳೆಗಿಂತ ಐದೂವರೆ ಗಂಟೆ ಹಿಂದಿನ ವಿಶ್ವ ಸಮಯ) ಅದರ ದಿನ ನಮ್ಮ ಬೆಳಗಿನ 5.30ಕ್ಕೆ ಬದಲಾಗುತ್ತದೆ. ‘ಇಂದಿನ ದಿನಾಂಕ’ವನ್ನು ಅಲ್ಲಿಂದಲೇ ಪಡೆದರೆ ಮೇ 31ರ ಮಧ್ಯರಾತ್ರಿ ಮುಚ್ಚಬೇಕಾದ ಅರ್ಜಿ ಜೂನ್ 1ರ ಬೆಳಗಿನ 5.30ರವರೆಗೆ ತೆರೆದಿರುತ್ತದೆ. ಹೋಲಿಸುವ ಮುಂಚೆ ಭಾರತೀಯ ವೇಳೆಗೆ ಪರಿವರ್ತಿಸಿ.

ರಸೀದಿ ಸಂಖ್ಯೆ, ಎಸ್‌ಎಂಎಸ್, ಗುಟ್ಟಿನ ಕೀಗಳು

ಜಿಎಸ್‌ಟಿ ಬಿಲ್ ಕೊಡುವ ಯಾವುದೇ ಮಾರಾಟ ಇದ್ದರೆ ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಒಂದು ಹಣಕಾಸು ವರ್ಷದೊಳಗೆ ಮರುಕಳಿಸುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ಬೀದರ್ ಎಂದು ಪೂರ್ತಿ ಬರೆದು, ಓರೆಗೆರೆ, 2025-26, ಓರೆಗೆರೆ, ಆರಂಕಿಯ ಕ್ರಮಸಂಖ್ಯೆ ಹಾಕಿದರೆ 20 ಅಕ್ಷರ. ಕಲಬುರಗಿಗಾದರೆ 25. ಎರಡಕ್ಷರದ ಮುನ್ನಕ್ಷರ, 25-26, ಆರಂಕಿ ಸಂಖ್ಯೆ ಎಂದರೆ 15ಕ್ಕೆ ನಿಲ್ಲುತ್ತದೆ. ಮುನ್ನಕ್ಷರಕ್ಕೆ ‘ಗರಿಷ್ಠ ಎರಡು ಅಕ್ಷರ, ಬೇರೆ ಸೈಟ್ ಬಳಸಿರಬಾರದು’ ಎಂಬ ಮಿತಿಯನ್ನು ವ್ಯಾಖ್ಯೆಯಲ್ಲೇ ಹಾಕಿ.

ಎಸ್‌ಎಂಎಸ್ ಮಾದರಿಗಳು ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ, ನೋಂದಾಯಿತವಾಗಿರಬೇಕು. ಸೈಟಿನ ಅಡ್ಮಿನ್ ಸೆಟ್ಟಿಂಗ್ ಪುಟದಲ್ಲಿ ಒಂದು ಪದ ತಿದ್ದಿದರೂ ನೋಂದಾಯಿತ ಪಠ್ಯಕ್ಕೆ ತಾಳೆಯಾಗದೆ ಸಂದೇಶ ಮುಟ್ಟುವುದಿಲ್ಲ, ಆ್ಯಪ್ ಮಾತ್ರ ‘ಕಳಿಸಲಾಗಿದೆ’ ಎನ್ನುತ್ತಿರುತ್ತದೆ. ಆದುದರಿಂದ ಪಠ್ಯ ತಿದ್ದುವ ಬಾಕ್ಸ್ ಕೊಡಬೇಡಿ. ನೋಂದಾಯಿತ ಮಾದರಿಗಳಲ್ಲಿ ಒಂದನ್ನು ಆರಿಸುವ ಪಟ್ಟಿ ಕೊಡಿ, ಮಾದರಿಯ ಐಡಿ ಪಠ್ಯದ ಜೊತೆಗೇ ಸಾಗಲಿ. ಭಾಷೆ ಬದಲಾದರೆ ಖರ್ಚೂ ಬದಲಾಗುತ್ತದೆ: ಇಂಗ್ಲಿಷ್ ಸಂದೇಶಕ್ಕೆ ಒಂದು ಭಾಗದಲ್ಲಿ 160 ಅಕ್ಷರ, ಕನ್ನಡ ಅಥವಾ ಉರ್ದುವಿನಲ್ಲಿ 70, ಅದು ದಾಟಿದರೆ ಭಾಗಕ್ಕೆ 67. ಕನ್ನಡದಲ್ಲಿ ಒತ್ತು, ಗುಣಿತ ಚಿಹ್ನೆಗಳೂ ಒಂದೊಂದಾಗಿ ಎಣಿಕೆಯಾಗುತ್ತವೆ. ‘ಬೀದರ್’ ಎಂದರೇ ಐದು.

ಪೇಮೆಂಟ್ ಗೇಟ್‌ವೇಯ ಗುಟ್ಟಿನ ಕೀ (ಪಾಸ್‌ವರ್ಡ್‌ನಂಥ ಸಂಕೇತ) ಊರಿಗೊಂದು ಇರಬಹುದು, ಹಣ ಬೇರೆಬೇರೆ ಖಾತೆಗೆ ಹೋಗುವಾಗ ಇರಲೇಬೇಕು. ಆದರೂ ಅದನ್ನು ಸೆಟ್ಟಿಂಗ್ ಟೇಬಲ್‌ನಲ್ಲಿ ಬರಿಗಣ್ಣಿಗೆ ಕಾಣುವಂತೆ ಇಡಬಾರದು, ಬ್ಯಾಕಪ್ ಫೈಲ್ ಯಾರ ಕೈಗೆ ಸಿಕ್ಕರೂ ಕೀ ಸಿಕ್ಕಂತೆ. ಟೇಬಲ್‌ನಲ್ಲಿ ಗುಟ್ಟಿನ ಹೆಸರು ಮಾತ್ರ ಇರಲಿ, ಗುಟ್ಟು ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ ಇರಲಿ. ಮತ್ತು ಈ ಒಂದಕ್ಕೆ ಸಾಮಾನ್ಯ ಮೌಲ್ಯವೇ ಬೇಡ. ಸೈಟಿನ ಗುಟ್ಟಿನ ಕೀ ಸಿಗದಿದ್ದರೆ ಪಾವತಿ ನಿಲ್ಲಬೇಕು. ಬೀದರ್‌ನ ಶುಲ್ಕ ಕಲಬುರಗಿಯ ಖಾತೆಗೆ ಹೋಗುವುದಕ್ಕಿಂತ ಅರ್ಧ ಗಂಟೆ ಪಾವತಿ ನಿಂತಿರುವುದು ಎಷ್ಟೋ ಮೇಲು.

ಕ್ಯಾಶ್

ಕ್ಯಾಶ್ ಎಂದರೆ ಬೇಗ ಓದಲು ಇಟ್ಟುಕೊಳ್ಳುವ ತಾತ್ಕಾಲಿಕ ನಕಲು. ಅದು ರೆಡಿಸ್ ತಂತ್ರಾಂಶದಲ್ಲಾಗಲಿ ಬೇರೆ ಎಲ್ಲೇ ಆಗಲಿ, ಕ್ಯಾಶ್ ಕೀಯಲ್ಲಿ ಸೈಟ್ ಸಂಖ್ಯೆ ಇರಲೇಬೇಕು. ಇಲ್ಲವಾದರೆ ಮೊದಲು ಪುಟ ತೆರೆದ ಊರಿನ ಶುಲ್ಕವೇ ಉಳಿದ ಊರುಗಳಿಗೂ ಕಾಣುತ್ತದೆ. ರಿಫ್ರೆಶ್ ಮಾಡಿದಾಗ ಒಮ್ಮೆ ಹಳೆಯ ಮೌಲ್ಯ, ಒಮ್ಮೆ ಹೊಸದು ಬರುತ್ತಿದ್ದರೆ ಅದು ಬೇರೆ ರೋಗ: ಆ್ಯಪ್‌ನ ನಾಲ್ಕು ಪ್ರಾಸೆಸ್‌ಗಳಲ್ಲಿ ಪ್ರತಿಯೊಂದೂ ತನ್ನ ಸ್ಮೃತಿಯಲ್ಲಿ ಬೇರೆ ನಕಲು ಇಟ್ಟುಕೊಂಡಿದೆ, ಬದಲಾವಣೆಯನ್ನು ಉಳಿಸಿದ ಪ್ರಾಸೆಸ್ ಮಾತ್ರ ತನ್ನದನ್ನು ಒರೆಸಿಕೊಂಡಿದೆ. ಜಾಂಗೋದ ಸೈಟ್ಸ್ ಕ್ಯಾಶ್ ಕೂಡ ಹೀಗೇ ಪ್ರಾಸೆಸ್‌ಗೆ ಸೀಮಿತ. ಮದ್ದು ಸರಳ. ಪ್ರತಿ ಸೈಟಿಗೊಂದು ಆವೃತ್ತಿ ಸಂಖ್ಯೆ ಇಡಿ, ಸೆಟ್ಟಿಂಗ್ ಉಳಿಸಿದಾಗಲೆಲ್ಲ ಒಂದು ಏರಿಸಿ, ಕ್ಯಾಶ್ ಕೀಯಲ್ಲಿ ಆ ಸಂಖ್ಯೆಯನ್ನೂ ಸೇರಿಸಿ. ಸಾಮಾನ್ಯ ಮೌಲ್ಯ ಬದಲಾದಾಗ ಎಲ್ಲ ಸೈಟುಗಳ ಸಂಖ್ಯೆಯೂ ಏರಬೇಕು. ಇದನ್ನು ಮರೆಯುವವರೇ ಹೆಚ್ಚು.

ಅಡ್ಮಿನ್ ಪುಟ

ಪ್ರತಿ ಸೆಟ್ಟಿಂಗ್ ಎದುರು ಮೂರು ಕಾಲಂ ತೋರಿಸಿ: ಸಾಮಾನ್ಯ ಮೌಲ್ಯ, ಈ ಸೈಟಿನ ಮೌಲ್ಯ, ಈಗ ನಿಜವಾಗಿ ನಡೆಯುತ್ತಿರುವ ಮೌಲ್ಯ ಮತ್ತು ಅದು ಬಂದ ಮೆಟ್ಟಿಲು. ಈ ಮೂರನೆಯ ಕಾಲಂ ಇದ್ದರೆ ಶಾಖೆಗಳಿಂದ ಬರುವ ಅರ್ಧ ಫೋನ್ ಕರೆಗಳಿಗೆ ಉತ್ತರ ಪುಟದಲ್ಲೇ ಸಿಗುತ್ತದೆ. ಮೂರು ಊರಿನ ಪುಟಗಳೂ ಒಂದೇ ಥರ ಕಾಣುವುದರಿಂದ ಮೇಲ್ಪಟ್ಟಿಗೆ ಸೈಟಿಗೊಂದು ಬಣ್ಣ ಕೊಡಿ, ಊರಿನ ಹೆಸರನ್ನು ದೊಡ್ಡದಾಗಿ ಬರೆಯಿರಿ. ಯಾದಗಿರಿ ಎಂದುಕೊಂಡು ಬೀದರ್‌ನದನ್ನು ಬದಲಿಸುವ ತಪ್ಪು ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಉಳಿಸುವಾಗ ಸೈಟ್ ಸಂಖ್ಯೆಯನ್ನು ಫಾರ್ಮಿನ ಮರೆಯ ಬಾಕ್ಸಿನಿಂದ ತೆಗೆದುಕೊಳ್ಳಬೇಡಿ. ಅದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹೋಸ್ಟ್‌ನಿಂದ ಗುರುತಿಸಿದ ಸೈಟ್, ಲಾಗಿನ್ ಆದವರಿಗೆ ಆ ಸೈಟಿನಲ್ಲಿ ಇರುವ ಅಧಿಕಾರ, ಎರಡನ್ನೂ ಸರ್ವರ್‌ನಲ್ಲಿ ತಾಳೆ ನೋಡಿ. ಕುಕಿಯನ್ನು ಮುಖ್ಯ ಡೊಮೇನಿಗೆ ಕೊಟ್ಟಿದ್ದರೆ ಒಂದು ಊರಿನ ಲಾಗಿನ್ ಮೂರೂ ಕಡೆ ನಡೆಯುತ್ತದೆ, ಆಗ ಈ ತಾಳೆ ಇನ್ನೂ ಅಗತ್ಯ.

ವರ್ಡ್‌ಪ್ರೆಸ್ ಮಲ್ಟಿಸೈಟ್ ಆದರೆ

ಬರೀ ಮಾಹಿತಿ ಪುಟಗಳಿಗೆ ಸ್ವಂತ ಆ್ಯಪ್ ಬರೆಸುವುದು ಬೇಡ, 2010ರ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್ ಎಂಬ ಸಿದ್ಧ ವೆಬ್‌ಸೈಟ್ ತಂತ್ರಾಂಶದಲ್ಲೇ ಹಲವು ಸೈಟ್ ನಡೆಸುವ ಈ ಸೌಲಭ್ಯವಿದೆ. ಅಲ್ಲಿ ಪ್ರತಿ ಸೈಟಿಗೂ ಬೇರೆ ಆಪ್ಷನ್ಸ್ (ಸೆಟ್ಟಿಂಗ್‌ಗಳ) ಟೇಬಲ್, ಮುಖ್ಯ ಸೈಟಿನದು ಬಿಟ್ಟು ಉಳಿದವು ಸೈಟ್ ಸಂಖ್ಯೆ ಹೊತ್ತಿರುತ್ತವೆ; ಬಳಕೆದಾರರ ಟೇಬಲ್ ಎಲ್ಲರಿಗೂ ಒಂದೇ. ಕೋಡ್‌ನಲ್ಲಿ ಒಂದು ಸೈಟಿನಿಂದ ಇನ್ನೊಂದಕ್ಕೆ ತಿರುಗಿದರೆ ಕೆಲಸ ಮುಗಿದ ಕೂಡಲೇ ಹಿಂದಿರುಗಿಸಬೇಕು, ಮತ್ತು ತಿರುಗಿದ ಮಾತ್ರಕ್ಕೆ ಆ ಸೈಟಿನ ಪ್ಲಗಿನ್‌ಗಳು ಲೋಡ್ ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಅಂಕಪಟ್ಟಿ ಏರುತ್ತಿಲ್ಲ ಎಂದರೆ ನೆಟ್‌ವರ್ಕ್ ಸೆಟ್ಟಿಂಗ್ ನೋಡಿ. ಫೈಲಿನ ಮೂಲ ಮಿತಿ 1500 ಕೆಬಿ ಮಾತ್ರ. ಡೊಮೇನ್ ಬದಲಿಸುವಾಗ ಡೇಟಾಬೇಸ್‌ನಲ್ಲಿ ನೇರ ಹುಡುಕಿ-ಬದಲಿಸು ಮಾಡಬೇಡಿ. ಸೀರಿಯಲೈಸ್ ಆದ (ಹಲವು ಮೌಲ್ಯಗಳನ್ನು ಒಂದೇ ಪಠ್ಯವಾಗಿ ಕಟ್ಟಿಟ್ಟ) ಮೌಲ್ಯಗಳಲ್ಲಿ ಪಠ್ಯದ ಉದ್ದ ಬೈಟ್‌ಗಳಲ್ಲಿ ಬರೆದಿರುತ್ತದೆ. ‘ಬೀದರ್’ ಐದು ಸಂಕೇತ, ಒಂದಕ್ಕೆ ಮೂರರಂತೆ 15 ಬೈಟ್. ಉದ್ದ ತಪ್ಪಿದರೆ ಇಡೀ ಸೆಟ್ಟಿಂಗ್ ಓದಲಾಗದೆ ಖಾಲಿಯಾಗುತ್ತದೆ. ವರ್ಡ್‌ಪ್ರೆಸ್‌ನ ಆದೇಶ ಸಾಲಿನ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಹುಡುಕಿ-ಬದಲಿಸು ಆದೇಶ ಈ ಉದ್ದವನ್ನು ಸರಿಪಡಿಸುತ್ತದೆ.

ನಾಲ್ಕನೆಯ ಸೈಟ್ ಸೇರಿಸುವಾಗ

ಬಸವಕಲ್ಯಾಣದಲ್ಲಿ ಹೊಸ ಶಾಖೆ ಎಂದುಕೊಂಡರೆ ಕ್ರಮ ಹೀಗಿರಲಿ.

1. ಸೈಟುಗಳ ಟೇಬಲ್‌ಗೆ ಸಾಲು ಸೇರಿಸಿ, ‘ನಿಷ್ಕ್ರಿಯ’ ಎಂದು ಗುರುತಿಸಿ.
2. ಡಿಎನ್‌ಎಸ್ (ಡೊಮೇನ್ ಹೆಸರನ್ನು ಸರ್ವರ್‌ಗೆ ಜೋಡಿಸುವ ದಾಖಲೆ), ನಂತರ ಸೈಟಿನ ಎಚ್‌ಟಿಟಿಪಿಎಸ್ ಪ್ರಮಾಣಪತ್ರ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ವೈಲ್ಡ್‌ಕಾರ್ಡ್ (ಎಲ್ಲ ಉಪಡೊಮೇನುಗಳಿಗೂ ಒಂದೇ ಪ್ರಮಾಣಪತ್ರ) ಬೇಕಿದ್ದರೆ ಡಿಎನ್‌ಎಸ್ ಮೂಲಕವೇ ಮಾಲೀಕತ್ವ ತೋರಿಸಬೇಕು. ಒಂದೊಂದು ಹೆಸರಿಗಾದರೆ ಮಾಮೂಲಿ ವಿಧಾನ ಸಾಕು.
3. ಬೇರೆಯಾಗುವ ಸೆಟ್ಟಿಂಗ್‌ಗಳನ್ನು ಮಾತ್ರ ತುಂಬಿ. ಬೀದರ್‌ನದನ್ನು ನಕಲು ಮಾಡಬೇಡಿ. ಹತ್ತು-ಹದಿನೈದು ಸಾಲು ಮೀರುತ್ತಿದ್ದರೆ ಸಾಮಾನ್ಯ ಮೌಲ್ಯಗಳನ್ನೇ ಮತ್ತೊಮ್ಮೆ ನೋಡಿ.
4. ಪೇಮೆಂಟ್ ಗುಟ್ಟು, ಎಸ್‌ಎಂಎಸ್ ಮಾದರಿ, ರಸೀದಿಯ ಮುನ್ನಕ್ಷರ.
5. ಎಲ್ಲ ಸೈಟು, ಎಲ್ಲ ಕಡ್ಡಾಯ ಕೀ ತಾಳೆ ನೋಡುವ ಪರೀಕ್ಷೆ ಓಡಿಸಿ. ಒಂದು ಕೊರತೆ ಇದ್ದರೂ ಬಿಡುಗಡೆ ನಿಲ್ಲಬೇಕು.
6. ಹೊಸ ಸೈಟಿನಲ್ಲಿ ಒಂದು ಮೌಲ್ಯ ಬದಲಿಸಿ, ಉಳಿದ ಮೂರರಲ್ಲಿ ಅದು ಕಾಣುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಪಟ್ಟಿಯಲ್ಲಿಲ್ಲದ ಹೋಸ್ಟ್ ಹೆಸರು ಕಳಿಸಿ 404 ಬರುತ್ತದೆಯೇ ನೋಡಿ.
7. ₹1 ಪಾವತಿ ಮಾಡಿ, ಹಣ ಸರಿಯಾದ ಖಾತೆಗೆ ಬಂತೆಂದು ಬ್ಯಾಂಕಿನ ಕಡೆಯಿಂದ ಕಂಡುಕೊಂಡ ಮೇಲೆ ಸೈಟನ್ನು ‘ಸಕ್ರಿಯ’ ಮಾಡಿ.

ಕೀಯ ಹೆಸರು ಬದಲಿಸುವ ಸಂದರ್ಭ ಬಂದರೆ ಒಂದೇ ಏಟಿಗೆ ಮಾಡಬೇಡಿ. ಮೊದಲ ಬಿಡುಗಡೆಯಲ್ಲಿ ಕೋಡ್ ಹೊಸ ಕೀಯನ್ನು ನೋಡಿ, ಇಲ್ಲದಿದ್ದರೆ ಹಳೆಯದನ್ನು ಓದಲಿ. ಆಮೇಲೆ ಸಾಲುಗಳನ್ನು ಹೊಸ ಹೆಸರಿಗೆ ಸಾಗಿಸಿ. ಹಳೆಯದನ್ನು ಓದುವ ಸಾಲನ್ನು ಮುಂದಿನ ಬಿಡುಗಡೆಯಲ್ಲಿ ತೆಗೆಯಿರಿ. ಅಷ್ಟರೊಳಗೆ ಹಿಂದಿನ ಆವೃತ್ತಿಗೆ ಮರಳಬೇಕಾಗಿ ಬಂದರೂ ಸೈಟುಗಳು ತಮ್ಮ ಮೌಲ್ಯ ಕಳೆದುಕೊಳ್ಳದಂತೆ, ಹಳೆಯ ಸಾಲುಗಳನ್ನು ಆ ಮುಂದಿನ ಬಿಡುಗಡೆಯವರೆಗೂ ಅಳಿಸದೆ ಇಟ್ಟಿರಿ.